ಕೊಂಬೆ ಇಳಿಸುವ ಹಗ್ಗ

ಮುಂಗಾರಿಗೆ ಮುನ್ನ ಕಾಫಿ ತೋಟದಲ್ಲಿ ಮರಗಸಿ ಮಾಡಿಸುವುದು, ಮನೆಯ ಹೆಂಚಿನ ಮೇಲೆ ಚಾಚಿದ ಹಲಸು, ಮಾವಿನ ಕೊಂಬೆ ತೆಗೆಸುವುದು ಮಲೆನಾಡಿನಲ್ಲಿ ಪ್ರತಿ ವರ್ಷದ ಕೆಲಸ. ಯಂತ್ರಗರಗಸಕ್ಕೆ ಸಾವಿರಾರು ರೂಪಾಯಿ ಕೊಡುವ ಯಜಮಾನರು, ಕಡಿದ ಕೊಂಬೆಯನ್ನು ಕಟ್ಟಿ ಇಳಿಸಲು ಮಾತ್ರ ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದ ಹಗ್ಗವನ್ನೇ ಹುಡುಕಿಸುತ್ತಾರೆ. ಅದು ಹರಿದರೆ ಮುರಿಯುವುದು ಹೆಂಚು ಮಾತ್ರವಲ್ಲ. ಮರದ ಮೇಲೊಬ್ಬ, ಕೆಳಗೊಬ್ಬ ಆಳು ಇರುತ್ತಾನೆ.

ಲೆಕ್ಕ ಹಾಕಿ ನೋಡಿ. ಒಂದು ಅಡಿ ದಪ್ಪ, ಹತ್ತು ಅಡಿ ಉದ್ದದ ಹಸಿ ಕೊಂಬೆ ಸುಮಾರು 200 ಕಿಲೋ ತೂಗುತ್ತದೆ. ಅದು ನಾಲ್ಕಡಿ ಬಿದ್ದು ಗಕ್ಕನೆ ನಿಂತರೆ ಹಗ್ಗಕ್ಕೆ ತಗಲುವ ಜಗ್ಗು ಅದರ ಹಲವು ಪಟ್ಟು. ಸಾಲದ್ದಕ್ಕೆ, ಗಂಟು ಹಾಕಿದ ಕಡೆ ಹಗ್ಗದ ಬಲ ಮೂರನೇ ಒಂದು ಪಾಲಿನಿಂದ ಅರ್ಧದವರೆಗೂ ಇಳಿಯುತ್ತದೆ. ಆದ್ದರಿಂದಲೇ, ಹಗ್ಗ ಹರಿಯುವ ಭಾರದ ಹತ್ತನೇ ಒಂದು ಪಾಲಿಗಿಂತ ಹೆಚ್ಚು ತೂಗುಹಾಕಬಾರದು ಎಂದು ಈ ಕಸುಬು ಬಲ್ಲವರು ಹೇಳುತ್ತಾರೆ.

ತೆಂಗಿನ ನಾರಿನ ಹಗ್ಗ ಹೊರೆ ಬಿಗಿಯಲು ಸರಿ, ಈ ಕೆಲಸಕ್ಕಲ್ಲ. ಮಳೆ ಬಿಸಿಲು ಕಂಡ ಹಳೆಯ ಹಗ್ಗ ಹೊರಗೆ ಗಟ್ಟಿಯಾಗಿ ಕಂಡರೂ ಹುರಿ ಬಿಡಿಸಿ ನೋಡಿದರೆ ಒಳಗೆ ಬರೀ ಪುಡಿ. ಇನ್ನು ಸಂತೆಯಲ್ಲಿ ‘ನೈಲಾನ್’ ಎಂದು ಸಿಗುವ ಹಸಿರು, ನೀಲಿ ಹಗ್ಗಗಳಲ್ಲಿ ಅನೇಕವು ಪಾಲಿಪ್ರೊಪಿಲೀನ್. ಬಿಸಿಲಿಗೆ ಎಳೆ ಉದುರುತ್ತದೆ. ಭಾರ ಹೊತ್ತು ಕಾಂಡಕ್ಕೆ ಉಜ್ಜಿ ಓಡಿದರೆ ಬಿಸಿಗೆ ಕರಗುತ್ತದೆ. ಪರೀಕ್ಷೆ ಸುಲಭ. ಗೇಣುದ್ದದ ತುಂಡನ್ನು ಬಕೆಟ್ ನೀರಿನಲ್ಲಿ ಚೆನ್ನಾಗಿ ಹಿಂಡಿ ಬಿಡಿ. ತೇಲಿದರೆ ಅದು ನೈಲಾನ್ ಅಲ್ಲ, ಅಂಗಡಿಯವರು ಏನೇ ಹೇಳಲಿ.

ನಿಜವಾದ ನೈಲಾನ್ ಜಗ್ಗು ತಡೆಯುತ್ತದೆ, ಆದರೆ ಬಹಳ ಹಿಗ್ಗುತ್ತದೆ. ಸೂರಿನ ಮೇಲೆ ಒಂದೆರಡು ಅಡಿ ಹಿಗ್ಗಿದರೂ ಹೆಂಚು ಹೋಯಿತು. ನೆನೆದರೆ ಅದರ ಬಲವೂ ತುಸು ಕುಂದುತ್ತದೆ. ನಮ್ಮ ಮತ ಪಾಲಿಯೆಸ್ಟರ್ ಹಗ್ಗಕ್ಕೆ. 16 ಮಿ.ಮೀ. ದಪ್ಪದ ಹೊಸ ಹಗ್ಗ ಹರಿಯಲು ಸುಮಾರು 4 ಟನ್ ಭಾರ ಬೇಕು. ಬೆಲೆ ಹೆಚ್ಚು, ನಿಜ. ನಾಲ್ಕು ಮನೆಯವರು ಸೇರಿ ಒಂದನ್ನು ಕೊಳ್ಳಬಹುದು.

ಇಳಿಸುವಾಗ ಹಗ್ಗವನ್ನು ಮರದ ಬುಡಕ್ಕೆ ಎರಡು ಮೂರು ಸುತ್ತು ಹಾಕಿ ಮೆಲ್ಲಗೆ ಬಿಡಬೇಕು, ಕೈಗೆ ಸುತ್ತಿಕೊಳ್ಳಲೇಬಾರದು. ಬಾವಿಯ ರಾಟೆ ಕೊಡಪಾನದ ಭಾರಕ್ಕೆ ಮಾಡಿದ್ದು, ಅದನ್ನು ಮರಕ್ಕೇರಿಸಬೇಡಿ. ಹತ್ತುವವನ ಹಗ್ಗ ಬೇರೆಯೇ ಇರಲಿ. ಭಾರೀ ಜಗ್ಗು ತಿಂದ ಹಗ್ಗವನ್ನು ಕೂಡಲೇ ತುಂಡು ಮಾಡಿ ಕರು ಕಟ್ಟಲು ಬಳಸಿ. ಇಡಿಯಾಗಿ ಬಿಟ್ಟರೆ ಯಾರಾದರೂ ಮತ್ತೆ ಮರಕ್ಕೆ ಒಯ್ದಾರು.