ಹೊಟ್ಟೆಗೊಂದಿಷ್ಟು ನಾರು

ಮಂಗಳೂರಿನ ಮಾರುಕಟ್ಟೆಯಲ್ಲಿ ಮಲ್ಲಿಗೆ ಕೊಳ್ಳುವವರಿಗೆ ಬಾಳೆಯ ನಾರು ಹೊಸತಲ್ಲ. ಶಂಕರಪುರ ಮಲ್ಲಿಗೆಯನ್ನು ಕಟ್ಟುವುದೇ ಆ ನಾರಿನಲ್ಲಿ. ಅದೇ ಬಾಳೆಯ ಕಾಯಿಯೊಳಗೆ ಇನ್ನೊಂದು ಬಗೆಯ ನಾರು ಇದೆ. ಅದು ಕಣ್ಣಿಗೆ ಕಾಣದು, ಎಳೆಯಾಗಿ ಕೈಗೆ ಸಿಗದು. ಈಗ ‘ಬಾಕಾಹು’ ಎಂಬ ಹೆಸರಿನಲ್ಲಿ ಪೊಟ್ಟಣ ಸೇರಿರುವುದು ಈ ಕಾಣದ ನಾರು.

ಬಾಕಾಹು ಎಂದರೆ ಬಾಳೆಕಾಯಿ ಹುಡಿ. ಮೂರು ಪದಗಳ ಮೊದಲ ಅಕ್ಷರಗಳನ್ನು ಜೋಡಿಸಿದ್ದು, ಅಷ್ಟೆ. ‘ಪುಡಿ’ ಎನ್ನದೆ ‘ಹುಡಿ’ ಎಂದದ್ದರಲ್ಲೇ ಕರಾವಳಿಯ ಗುರುತು ಇದೆ! 2021ರಲ್ಲಿ ಲಾಕ್‌ಡೌನ್‌ನಿಂದಾಗಿ ಬಾಳೆಗೊನೆಯ ಬೆಲೆ ಕುಸಿದಾಗ ಪುತ್ತೂರಿನ ‘ಅಡಿಕೆ ಪತ್ರಿಕೆ’ ಮತ್ತು ಶ್ರೀ ಪಡ್ರೆಯವರ ಪ್ರೇರಣೆಯಿಂದ ಈ ಹುಡಿ ಮನೆಮನೆಗಳಲ್ಲಿ ತಯಾರಾಗತೊಡಗಿತು. ಅದೇ ವರ್ಷದ ಜುಲೈಯಲ್ಲಿ ಪ್ರಧಾನಿಯವರು ‘ಮನ್ ಕೀ ಬಾತ್’ನಲ್ಲಿ ಉತ್ತರ ಕನ್ನಡ ಮತ್ತು ದಕ್ಷಿಣ ಕನ್ನಡದ ಮಹಿಳೆಯರ ಈ ಕೆಲಸವನ್ನು ಹೆಸರಿಸಿದರು. ಬೆಳೆಗಾರನ ಮಟ್ಟಿಗೆ ಇದು ಒಳ್ಳೆಯ ಸುದ್ದಿಯೇ. ತಿನ್ನುವವನ ಮಟ್ಟಿಗೆ? ಸಕ್ಕರೆ ಕಾಯಿಲೆಗೆ ಒಳ್ಳೆಯದು, ಬೊಜ್ಜು ಇಳಿಸುತ್ತದೆ, ಕ್ಯಾನ್ಸರ್ ತಡೆಯುತ್ತದೆ ಎಂದೆಲ್ಲ ಬಾಯಿಂದ ಬಾಯಿಗೆ ಹರಡುವ ಮಾತುಗಳನ್ನು ಸ್ವಲ್ಪ ಸೋಸಿ ನೋಡಬೇಕಾಗಿದೆ.

ಆಹಾರದಲ್ಲಿ ನಾರು ಎಂದರೆ ಸಣ್ಣ ಕರುಳಿನ ಜೀರ್ಣರಸಗಳು ಒಡೆಯಲಾರದ ಸಸ್ಯಾಂಶ. ಮಲ್ಲಿಗೆ ಕಟ್ಟುವ ನಾರಿನಲ್ಲಿರುವ ಸೆಲ್ಯುಲೋಸ್ ಒಂದು ಬಗೆ. ಹಣ್ಣಿನ ಜಾಮ್ ಗಟ್ಟಿಯಾಗಲು ಕಾರಣವಾದ ಪೆಕ್ಟಿನ್ ಇನ್ನೊಂದು. ಬಾಳೆಕಾಯಿಯ ವಿಶೇಷವೆಂದರೆ ಅದರ ಪಿಷ್ಟವೇ ಬಹುಮಟ್ಟಿಗೆ ನಾರಿನಂತೆ ವರ್ತಿಸುವುದು. ಅದರ ಪಿಷ್ಟದ ಕಣಗಳು ಎಷ್ಟು ಬಿಗಿಯಾಗಿ ಹೆಣೆದುಕೊಂಡಿವೆಯೆಂದರೆ, ಅಮೈಲೇಸ್ ಎಂಬ ಕಿಣ್ವಕ್ಕೆ ಒಳಹೋಗಲು ಸಂದು ಸಿಗುವುದಿಲ್ಲ. ಹೀಗೆ ಪಚನವಾಗದೆ ಉಳಿದ ಪಿಷ್ಟ ದೊಡ್ಡ ಕರುಳನ್ನು ಸೇರುತ್ತದೆ. ಅಲ್ಲಿ ಕಾದಿರುವ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿಗೆ ಅದು ಹಬ್ಬದೂಟ! ಅವು ಅದನ್ನು ಹುಳಿಸಿ ಬ್ಯುಟಿರೇಟ್ ಮುಂತಾದ ಸಣ್ಣ ಕೊಬ್ಬಿನಾಮ್ಲಗಳನ್ನು ತಯಾರಿಸುತ್ತವೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಮುಖ್ಯ ಇಂಧನ ಈ ಬ್ಯುಟಿರೇಟ್.

ಇಲ್ಲಿಯೇ ಒಂದು ತೊಡಕಿದೆ. ನೀರಿನೊಂದಿಗೆ ಕಾಯಿಸಿದಾಗ ಈ ಬಿಗಿಯಾದ ಕಣಗಳು ಉಬ್ಬಿ ಒಡೆಯುತ್ತವೆ. ಆಮೇಲೆ ಅಮೈಲೇಸ್‌ಗೆ ಅಡ್ಡಿಯಿಲ್ಲ. ಬಿಸಿಲಿನಲ್ಲಿ ಒಣಗಿಸಿದ ಹುಡಿಯಲ್ಲಿ ಪಚನವಾಗದ ಪಿಷ್ಟ ಹೇರಳವಾಗಿರುತ್ತದೆ. ಆ ಹುಡಿಯನ್ನು ದೋಸೆ ಹೊಯ್ದಾಗ, ಗಂಜಿ ಕಾಯಿಸಿದಾಗ ಅದರಲ್ಲಿ ಬಹುಪಾಲು ಸಾಮಾನ್ಯ ಪಿಷ್ಟವಾಗುತ್ತದೆ. ತಣಿದಾಗ ಸ್ವಲ್ಪ ಮತ್ತೆ ಬಿಗಿಯಾಗುತ್ತದೆ. ರಾತ್ರಿಯ ಕುಚ್ಚಲಕ್ಕಿ ಗಂಜಿಯನ್ನು ಬೆಳಿಗ್ಗೆ ತಣ್ಣಗೆ ಉಣ್ಣುತ್ತಿದ್ದ ಹಿರಿಯರು ಈ ರಸಾಯನಶಾಸ್ತ್ರ ತಿಳಿಯದೆಯೇ ಅದರ ಲಾಭ ಪಡೆಯುತ್ತಿದ್ದರು. ಆದ್ದರಿಂದ ಹುಡಿಯ ಲೆಕ್ಕವನ್ನು ದೋಸೆಗೆ ಹಾಗೆಯೇ ಅಂಟಿಸುವುದು ಸರಿಯಲ್ಲ. ಪೋಡಿ ಕರಿದು ತಿಂದು ನಾರು ತಿಂದೆವೆನ್ನುವುದಂತೂ ದೂರದ ಮಾತು.

ಹಾಗೆಂದು ಬೇಯಿಸಿದ ಬಾಳೆಕಾಯಿ ನಿಷ್ಪ್ರಯೋಜಕವೇ? ಅಲ್ಲ. ಪೆಕ್ಟಿನ್ ಬೇಯಿಸಿದರೂ ಉಳಿಯುತ್ತದೆ. ಬಾಂಗ್ಲಾದೇಶದ ಢಾಕಾದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಪ್ರಯೋಗವೊಂದು ಇಲ್ಲಿ ನೆನಪಿಡತಕ್ಕದ್ದು. ಬಹುದಿನಗಳಿಂದ ಭೇದಿಯಿಂದ ಬಳಲುತ್ತಿದ್ದ, ಐದರಿಂದ ಹನ್ನೆರಡು ತಿಂಗಳ 62 ಗಂಡುಮಕ್ಕಳನ್ನು ವೈದ್ಯರು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಅಕ್ಕಿಯ ಆಹಾರ ಮಾತ್ರ, ಇನ್ನೊಂದಕ್ಕೆ ಅದರೊಂದಿಗೆ ಬೇಯಿಸಿದ ಬಾಳೆಕಾಯಿ, ಮತ್ತೊಂದಕ್ಕೆ ಪೆಕ್ಟಿನ್. ನಾಲ್ಕನೆಯ ದಿನದ ಹೊತ್ತಿಗೆ ಬಾಳೆಕಾಯಿಯ ಗುಂಪಿನಲ್ಲಿ ಶೇಕಡಾ 82, ಪೆಕ್ಟಿನ್ ಗುಂಪಿನಲ್ಲಿ ಶೇಕಡಾ 78 ಮಕ್ಕಳು ಗುಣವಾಗಿದ್ದರು. ಬರೀ ಅಕ್ಕಿಯ ಗುಂಪಿನಲ್ಲಿ ಶೇಕಡಾ 23 ಮಾತ್ರ! ಇದು ಆಸ್ಪತ್ರೆಯಲ್ಲಿ, ವೈದ್ಯರ ಕಣ್ಣೆದುರು ನಡೆದದ್ದು ಎಂಬುದನ್ನು ತಾಯಂದಿರು ಮರೆಯಬಾರದು. ಭೇದಿಯಾದ ಮಗುವಿಗೆ ಮೊದಲು ಬೇಕಾದದ್ದು ಓಆರ್‌ಎಸ್ ದ್ರಾವಣ ಮತ್ತು ವೈದ್ಯರ ಸಲಹೆ.

ಕ್ಯಾನ್ಸರಿನ ಮಾತಿಗೂ ಒಂದು ಮೂಲವಿದೆ. ಕ್ಯಾನ್ಸರ್ ಬರುವ ಸಾಧ್ಯತೆಯನ್ನು ಹುಟ್ಟಿನಿಂದಲೇ ಹೆಚ್ಚಿಸುವ ಲಿಂಚ್ ಸಿಂಡ್ರೋಮ್ ಇರುವ ಸುಮಾರು ಸಾವಿರ ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಅವರಲ್ಲಿ ಕೆಲವರು ಸರಾಸರಿ ಎರಡು ವರ್ಷ ದಿನಕ್ಕೆ 30 ಗ್ರಾಂ ಪಚನವಾಗದ ಪಿಷ್ಟ ಸೇವಿಸಿದ್ದರು. ಹೊಟ್ಟೆ, ಮೇದೋಜೀರಕ ಮುಂತಾದ ಕಡೆಯ ಕ್ಯಾನ್ಸರುಗಳು ಅವರಲ್ಲಿ ಅರ್ಧಕ್ಕಿಂತಲೂ ಕಡಿಮೆ ಕಂಡುಬಂದವು. ಸೋಜಿಗವೆಂದರೆ, ಯಾವ ದೊಡ್ಡ ಕರುಳಿನ ಕ್ಯಾನ್ಸರ್ ತಡೆಯಲೆಂದು ಪ್ರಯೋಗ ಹೂಡಿದ್ದರೋ ಅದು ಕಡಿಮೆಯಾಗಲಿಲ್ಲ. ಸುದ್ದಿಯಲ್ಲಿ ಬಂದದ್ದು ‘ದಿನಕ್ಕೊಂದು ಎಳಸು ಬಾಳೆಹಣ್ಣು’ ಎಂದು. ಪ್ರಯೋಗದಲ್ಲಿ ಬಳಸಿದ್ದು ಮೆಕ್ಕೆಜೋಳದ ಪಿಷ್ಟ!

ಸಕ್ಕರೆ ಕಾಯಿಲೆಯ ವಿಷಯದಲ್ಲಿ ಹಲಸಿನ ಕಾಯಿಯ ಹುಡಿಗೆ ಒಂದು ಆಧಾರವಿದೆ. ಆಂಧ್ರದ ಶ್ರೀಕಾಕುಳಂನಲ್ಲಿ 40 ರೋಗಿಗಳ ಮೇಲೆ ನಡೆದ ಪರೀಕ್ಷೆಯ ವರದಿ 2021ರಲ್ಲಿ ಹೊರಬಂತು. ಅಕ್ಕಿ ಅಥವಾ ಗೋಧಿಯ ಬದಲಿಗೆ ದಿನಕ್ಕೆ 30 ಗ್ರಾಂ ಹಲಸಿನ ಕಾಯಿ ಹುಡಿ ತಿಂದವರಲ್ಲಿ 12 ವಾರಗಳ ಬಳಿಕ ರಕ್ತದ ಸಕ್ಕರೆಯ ಮಟ್ಟ ಇನ್ನೊಂದು ಗುಂಪಿಗಿಂತ ಚೆನ್ನಾಗಿ ಇಳಿದಿತ್ತು. ಇಲ್ಲಿ ‘ಬದಲಿಗೆ’ ಎಂಬ ಮಾತಿಗೆ ಅಡಿಗೆರೆ ಎಳೆಯಬೇಕು. ಅನ್ನದ ರಾಶಿ ಹಾಗೆಯೇ ಇದ್ದು ಮೇಲೊಂದು ಚಮಚ ಹುಡಿ ಸೇರಿಸಿದರೆ ಊಟದ ತೂಕ ಹೆಚ್ಚುತ್ತದೆ, ಅಷ್ಟೆ. ಅವರು ತಮ್ಮ ಮಾತ್ರೆಗಳನ್ನು ಬಿಟ್ಟಿರಲಿಲ್ಲ ಎಂಬುದೂ ಮುಖ್ಯ. ಹುಡಿ ತಿನ್ನುತ್ತಿದ್ದೇನೆಂದು ಮಾತ್ರೆ ನಿಲ್ಲಿಸುವ ಅಪ್ಪಂದಿರಿಗೆ ಮಕ್ಕಳೇ ಇದನ್ನು ಓದಿ ಹೇಳಲಿ.

ಮಕ್ಕಳಿಗೆ ಎಷ್ಟು ನಾರು ಬೇಕು? ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದಂತೆ ಆರರಿಂದ ಒಂಬತ್ತು ವರ್ಷದವರಿಗೆ ದಿನಕ್ಕೆ ಕನಿಷ್ಠ 21 ಗ್ರಾಂ, ಹತ್ತು ದಾಟಿದವರಿಗೆ ದೊಡ್ಡವರಂತೆಯೇ 25 ಗ್ರಾಂ. ಅದು ಆಹಾರದಲ್ಲಿ ಸಹಜವಾಗಿರುವ ನಾರು ಆಗಿರಬೇಕು ಎಂದೂ ಸಂಸ್ಥೆ ಹೇಳಿದೆ. ಹೆಸರುಕಾಳಿನ ಪಲ್ಯ, ಬಸಳೆ, ಬಾಳೆದಿಂಡು, ಪೇರಳೆ ಹಣ್ಣು ಇವೆಲ್ಲ ಇರುವ ಮನೆಯಲ್ಲಿ ಆರೋಗ್ಯವಂತ ಮಗುವಿಗೆಂದು ದುಬಾರಿ ನಾರಿನ ಡಬ್ಬಿ ತರುವ ಅಗತ್ಯ ಕಾಣುವುದಿಲ್ಲ. ಬಾಕಾಹು ತಂದರೆ ತಿಂಡಿಯ ಹಿಟ್ಟೆಂದು ತರಬಹುದು. ಮೈದಾಕ್ಕಿಂತ ಅದು ಎಷ್ಟೋ ಮೇಲು.

ಒಮ್ಮೆಲೇ ಹೆಚ್ಚು ನಾರು ತಿಂದರೆ ಹೊಟ್ಟೆಯುಬ್ಬರ ಖಂಡಿತ. ಸ್ವಲ್ಪ ಸ್ವಲ್ಪವೇ ಹೆಚ್ಚಿಸಬೇಕು, ಜೊತೆಗೆ ನೀರು ಸಾಕಷ್ಟು ಕುಡಿಯಬೇಕು. ಬಾಳೆಕಾಯಿ ಹುಡಿಯಲ್ಲಿ ಪೊಟ್ಯಾಸಿಯಂ ಹೆಚ್ಚು. ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು.

ವಿದ್ಯಾರ್ಥಿಗಳು ಪಿಷ್ಟದ ಆಟವನ್ನು ತಾವೇ ನೋಡಬಹುದು. ಬೆಳೆದ ಹಸಿರು ಬಾಳೆಕಾಯಿಗಳ ಒಂದು ಚಿಪ್ಪು ತಂದಿಟ್ಟು, ದಿನಕ್ಕೊಂದು ಕಾಯಿಯಿಂದ ಬಿಲ್ಲೆ ಕತ್ತರಿಸಿ ಶಾಲೆಯ ಪ್ರಯೋಗಾಲಯದ ಅಯೋಡಿನ್ ದ್ರಾವಣವನ್ನು ಒಂದು ಹನಿ ಹಾಕಿ. ಮೊದಲ ದಿನ ಕಡುನೀಲಿ. ಕಾಯಿಯಲ್ಲಿ ಶೇಕಡಾ 20ರಷ್ಟಿದ್ದ ಪಿಷ್ಟ ಕಳಿತ ಹಣ್ಣಿನಲ್ಲಿ ಶೇಕಡಾ ಒಂದೆರಡಕ್ಕೆ ಇಳಿಯುವುದರಿಂದ ನೀಲಿ ದಿನದಿಂದ ದಿನಕ್ಕೆ ಮಾಸುತ್ತ ಬರುತ್ತದೆ. ಎಷ್ಟನೆಯ ದಿನ ಅದು ಪೂರ್ತಿ ಹೋಯಿತೆಂದು ಬರೆದಿಡಿ. ಅಯೋಡಿನ್ ಬಿದ್ದ ಬಿಲ್ಲೆಗಳನ್ನು ಮಾತ್ರ ಯಾರೂ ತಿನ್ನಕೂಡದು, ದನಕ್ಕೂ ಹಾಕಕೂಡದು.