ಊಂಪಾ ಲೂಂಪಾಗಳಿಗೆ ಭಾನುವಾರ ರಜಾ ಇದ್ಯಾ?

ಹೋದ ಶನಿವಾರ ಅಕ್ಕನ ಮಗಳ ಜೊತೆ 1971ರ ‘ವಿಲ್ಲಿ ವೊಂಕಾ ಅಂಡ್ ದ ಚಾಕೊಲೇಟ್ ಫ್ಯಾಕ್ಟರಿ’ ನೋಡ್ತಾ ಕೂತಿದ್ದೆ. ಚಿಕ್ಕವನಿದ್ದಾಗ ನನ್ನ ಕಣ್ಣು ಪೂರ್ತಿ ಚಾಕೊಲೇಟ್ ನದಿ ಮೇಲೇ ಇತ್ತು. ಎಂಟು ವರ್ಷದ ಇವಳು ಕೇಳಿದ್ದೇ ಬೇರೆ: “ಮಾಮಾ, ಆ ಕಿತ್ತಳೆ ಮುಖದವರ ಹೆಸರೇನು? ಅವರಿಗೆ ಭಾನುವಾರ ರಜಾ ಇದ್ಯಾ?”

ಊಂಪಾ ಲೂಂಪಾ ಅಂದೆ. “ಅದು ಎಲ್ಲರ ಹೆಸರು. ಒಬ್ಬೊಬ್ಬರದು?” ಅಂದಳು. ಗೊತ್ತಿಲ್ಲ. ಅವಳು ಮಲಗಿದ ಮೇಲೆ ಓದೋಕೆ ಕೂತೆ.

ರೋಆಲ್ಡ್ ಡಾಲ್ ಅವರ ಮೂಲ ಪುಸ್ತಕ 1964ರದ್ದು. ಅದರಲ್ಲಿ ಊಂಪಾ ಲೂಂಪಾಗಳು ಆಫ್ರಿಕಾದ ಕಾಡಿನ ಕಪ್ಪು ಪಿಗ್ಮಿ ಜನ. ವೊಂಕಾ ಅವರನ್ನು ತೂತು ಕೊರೆದ ಪೆಟ್ಟಿಗೆಗಳಲ್ಲಿ ತುಂಬಿ ಕದ್ದು ತರ್ತಾನೆ. ಕೂಲಿ? ಕೋಕೋ ಬೀಜ. ಓದಿ ಎರಡು ನಿಮಿಷ ಸುಮ್ನೆ ಕೂತೆ, ಇದು ಗುಲಾಮರ ಹಡಗಿನ ಕಥೆಯೇ ಅಲ್ವಾ? ಸಿನಿಮಾ ತಯಾರಾಗುವಾಗ ಅಮೆರಿಕದ ಕಪ್ಪು ಜನರ ಹಕ್ಕುಗಳ ಸಂಘಟನೆ ಎನ್‌ಎಎಸಿಪಿ ಆಕ್ಷೇಪಿಸಿತು. ಹಾಗಾಗಿ ತೆರೆ ಮೇಲೆ ಬಂದದ್ದು ಕಿತ್ತಳೆ ಮುಖ, ಹಸಿರು ಕೂದಲು. 1973ರಲ್ಲಿ ಡಾಲ್ ಪುಸ್ತಕವನ್ನೂ ತಿದ್ದಿದರು.

ನಮ್ಮ ಆಫೀಸ್ ಭಾಷೆಯಲ್ಲಿ ಹೇಳೋದಾದ್ರೆ, ಬಗ್ ರಿಪೋರ್ಟ್ ಬಂತು, ಬಣ್ಣ ಬದಲಾಯಿಸಿ ಟಿಕೆಟ್ ಕ್ಲೋಸ್ ಮಾಡಿದ್ರು. ಬ್ಯಾಕೆಂಡ್ ಹಾಗೇ ಉಳೀತು. ಇಡೀ ಒಂದು ಜನಾಂಗವನ್ನು ಎತ್ತಿಕೊಂಡು ಬಂದು ಫ್ಯಾಕ್ಟರಿಯೊಳಗೆ ಇಟ್ಟುಕೊಂಡಿದ್ದಾನೆ, ಅವರು ಕುಣೀತಾ ಕೆಲಸ ಮಾಡ್ತಾರೆ. ಬಣ್ಣ ಬದಲಾಗಿದ್ದು ಸಣ್ಣ ವಿಷಯ ಅಂತ ನಾನು ಹೇಳಲ್ಲ. ಆ ಕಾಲದಲ್ಲಿ ಥಿಯೇಟರ್‌ನಲ್ಲಿ ಕೂತ ಒಂದು ಕಪ್ಪು ಮಗುವಿಗೆ ಒಂದು ಅವಮಾನ ತಪ್ಪಿತು. ಆದರೆ ಆ ವೇಷ ಹಾಕಿದ ಕುಬ್ಜ ಕಲಾವಿದರ ಹೆಸರು ಸಿನಿಮಾದ ಟೈಟಲ್‌ನಲ್ಲೇ ಇಲ್ಲ. ಪಾಪು ಕೇಳಿದ ಪ್ರಶ್ನೆ ಸರಿಯಾಗೇ ಇತ್ತು.

2005ರಲ್ಲಿ ಟಿಮ್ ಬರ್ಟನ್ ಮತ್ತೆ ಈ ಕಥೆ ತೆಗೆದರು. ಈ ಸಲ ಎಲ್ಲ ಊಂಪಾ ಲೂಂಪಾಗಳೂ ಒಬ್ಬರೇ, ನೈರೋಬಿಯಲ್ಲಿ ಭಾರತೀಯ ಕುಟುಂಬದಲ್ಲಿ ಹುಟ್ಟಿದ ದೀಪ್ ರಾಯ್. ಹೆಸರು ಟೈಟಲ್‌ನಲ್ಲಿದೆ. ಒಂದೊಂದು ಊಂಪಾಗೂ ಬೇರೆ ಬೇರೆಯಾಗಿ ನಟಿಸಿದ್ದಾರೆ, ಅದೇನು ಕಮ್ಮಿ ಕೆಲಸ ಅಲ್ಲ. ನಮ್ಮವರ ಮುಖ ಅಂತ ಖುಷಿಯಾಯ್ತು. ಆಮೇಲೆ ಅದೇ ಮುಖ ಸಾಲುಸಾಲಾಗಿ ಬಂದಾಗ ಸ್ವಲ್ಪ ಕಸಿವಿಸಿ. ಕಾಲ್‌ನಲ್ಲಿ ನಮ್ಮ ಹೆಸರು ಬಿಟ್ಟು “ಆಫ್‌ಶೋರ್ ಟೀಮ್” ಅಂತ ಕರೆಸಿಕೊಂಡವರಿಗೆ ಇದು ಅರ್ಥ ಆಗುತ್ತೆ.

ಇದೇ ಸಿನಿಮಾದಲ್ಲಿ ಇನ್ನೊಂದಿದೆ. ರೆಸಿಪಿ ಕಳ್ಳತನ ಆಗ್ತಿದೆ ಅಂತ ವೊಂಕಾ ಊರಿನ ಕೆಲಸಗಾರರನ್ನೆಲ್ಲ ಮನೆಗೆ ಕಳಿಸ್ತಾನೆ, ಚಾರ್ಲಿಯ ಅಜ್ಜನೂ ಅವರಲ್ಲೊಬ್ಬ. ನಂತರ ಆ ಜಾಗಕ್ಕೆ ಕೋಕೋ ಬೀಜಕ್ಕೆ ದುಡಿಯೋರು ಬರ್ತಾರೆ. ಲೇಆಫ್ ಮೇಲ್ ಬಂದ ದಿನ ನಾನು ಅಜ್ಜನ ಜಾಗದಲ್ಲಿದ್ದೆ. ಮೂರು ತಿಂಗಳ ನಂತರ ಕಮ್ಮಿ ಸಂಬಳಕ್ಕೆ ಬೇರೆ ಕಡೆ ಸೇರಿದಾಗ ಊಂಪಾ ಜಾಗದಲ್ಲಿ.

2023ರ ‘ವೊಂಕಾ’ದಲ್ಲಿ ಊಂಪಾ ಲೂಂಪಾ ಕೊನೆಗೂ ತಿರುಗಿ ಬೀಳ್ತಾನೆ. ನಮ್ಮ ಬೀಜ ಕದ್ದೆ, ಬಾಕಿ ಕೊಡು ಅಂತ ವೊಂಕಾನ ಬೆನ್ನು ಹತ್ತುತ್ತಾನೆ. ಭಲೇ ಅಂದುಕೊಂಡೆ. ಪಾತ್ರ ಹೋಗಿದ್ದು ಎತ್ತರದ ಹ್ಯೂ ಗ್ರಾಂಟ್‌ಗೆ, ಕಂಪ್ಯೂಟರ್‌ನಲ್ಲಿ ಕುಳ್ಳ ಮಾಡಿ. ಕುಬ್ಜ ಕಲಾವಿದರು ಬೇಜಾರು ಹೇಳಿಕೊಂಡರು.

ಬೆಳಿಗ್ಗೆ ಇದನ್ನೆಲ್ಲ ಆದಷ್ಟು ಸರಳ ಮಾಡಿ ಹೇಳಿದೆ. ದೋಸೆ ತಿನ್ನುತ್ತಾ ಕೇಳಿಸಿಕೊಂಡಳು. “ಅಂದ್ರೆ ರಜಾ ಇಲ್ಲ.”

“ಇಲ್ಲ ಕಣೇ.”

“ಮತ್ಯಾಕೆ ಹಾಡ್ತಾರೆ?”