ಶೆಡ್‌ನಲ್ಲಿ ನಿಂತ ಟ್ರ್ಯಾಕ್ಟರ್‌ಗೆ ಮನೆ ಕರೆಂಟಿನ ಡ್ರಿಪ್ ಹಾಕಬೇಡಿ

ಸುಗ್ಗಿ ಮುಗಿದರೆ ಟ್ರ್ಯಾಕ್ಟರ್ ಶೆಡ್ ಸೇರುತ್ತದೆ. ಯುಗಾದಿ ಕಳೆದು ಮಳೆ ಬೀಳುವವರೆಗೆ ಅದಕ್ಕೆ ಹೆಚ್ಚು ಕೆಲಸವಿಲ್ಲ. ಅಷ್ಟರಲ್ಲಿ ಬ್ಯಾಟರಿ ಡೌನ್ ಆಗಬಾರದು ಅಂತ ಎಷ್ಟೋ ಮನೆಗಳಲ್ಲಿ ಒಂದು ಉಪಾಯ ಮಾಡುತ್ತಾರೆ. ಜಗಲಿಯಿಂದ ವೈರ್ ಎಳೆದು, ಅಗ್ಗದ ಚಾರ್ಜರ್‌ನ ಕೆಂಪು, ಕಪ್ಪು ಕ್ಲಿಪ್ ಸಿಕ್ಕಿಸಿ, ಎರಡು ಮೂರು ತಿಂಗಳು ಹಾಗೇ ಬಿಡುವುದು. ಕೇಳಿದರೆ "ಕರೆಂಟ್ ಹೇಗೂ ಫ್ರೀ ಅಲ್ವಾ, ಇರಲಿ ಬಿಡಿ" ಎನ್ನುತ್ತಾರೆ.

ಈ ಅಭ್ಯಾಸ ನಿಲ್ಲಬೇಕು. ಬ್ಯಾಟರಿ ಉಳಿಸುತ್ತೇವೆ ಅಂದುಕೊಂಡು ಅದನ್ನು ನಾವೇ ಸಾಯಿಸುತ್ತಿದ್ದೇವೆ. ಮನೆಯವರ ಪ್ರಾಣವನ್ನೂ ಪಣಕ್ಕಿಡುತ್ತಿದ್ದೇವೆ.

ಮೊದಲು ಫ್ರೀ ಕರೆಂಟಿನ ಲೆಕ್ಕ ನೋಡೋಣ. 88 ಆಂಪಿಯರ್-ಅವರ್‌ನ ಬ್ಯಾಟರಿ ಪೂರ್ತಿ ಖಾಲಿಯಾದರೂ ಅದನ್ನು ತುಂಬಲು ನಷ್ಟವೂ ಸೇರಿ ಸುಮಾರು ಒಂದೂವರೆ ಯೂನಿಟ್ ಸಾಕು. ಹಾಗಾಗಿ ಫ್ರೀ ಕರೆಂಟಿನಿಂದ ಇಲ್ಲಿ ಉಳಿಯುವುದು ಹತ್ತಿಪ್ಪತ್ತು ರೂಪಾಯಿ ಅಷ್ಟೆ. ಹೋಗುವುದು ಸಾವಿರಾರು ರೂಪಾಯಿಯ ಬ್ಯಾಟರಿ.

ಅದು ಹೋಗುವುದು ಹೇಗೆ? ಪೂರ್ತಿ ಚಾರ್ಜ್ ಆಗಿ ಸುಮ್ಮನಿರುವ 12 ವೋಲ್ಟ್ ಬ್ಯಾಟರಿ 12.6ರಿಂದ 12.7 ವೋಲ್ಟ್ ತೋರಿಸುತ್ತದೆ. ದಿನಗಟ್ಟಲೆ ಚಾರ್ಜರ್‌ನಲ್ಲೇ ಇಡಬೇಕಾದರೆ ಸುಮಾರು 13.5 ವೋಲ್ಟ್ ದಾಟಬಾರದು. ಅಗ್ಗದ ಚಾರ್ಜರ್‌ಗೆ ಇದು ತಿಳಿಯುವುದಿಲ್ಲ. ಹೊಟ್ಟೆ ತುಂಬಿದ ಮೇಲೂ ತುರುಕುತ್ತಲೇ ಇರುತ್ತದೆ. 14.4 ವೋಲ್ಟ್ ದಾಟಿದಂತೆ ಒಳಗಿನ ನೀರು ಗುಳ್ಳೆಯೆದ್ದು ಹೈಡ್ರೋಜನ್, ಆಕ್ಸಿಜನ್ ಆಗಿ ಹೋಗುತ್ತದೆ. ಪ್ಲೇಟುಗಳು ಬರಿದಾಗುತ್ತವೆ, ಸವೆಯುತ್ತವೆ. ಬಾಗಿಲು ಹಾಕಿದ ಶೆಡ್‌ನ ಗಾಳಿಯಲ್ಲಿ ಹೈಡ್ರೋಜನ್ ನೂರಕ್ಕೆ 4ರಷ್ಟು ಸೇರಿದರೆ ಒಂದು ಬೀಡಿಯ ಕಿಡಿ ಸಾಕು.

"ಮನೆ ಇನ್ವರ್ಟರ್ ವರ್ಷವಿಡೀ ಪ್ಲಗ್‌ನಲ್ಲೇ ಇರುತ್ತಲ್ಲ?" ಎಂದು ಕೇಳುವವರಿದ್ದಾರೆ. ಇರುತ್ತದೆ, ಯಾಕೆಂದರೆ ಬ್ಯಾಟರಿ ತುಂಬಿದಾಗ ವೋಲ್ಟೇಜ್ ತಾನೇ ಇಳಿಸುವ ವ್ಯವಸ್ಥೆ ಅದರಲ್ಲಿದೆ. ಆದರೂ ಅದಕ್ಕೆ ಆಗಾಗ ನೀರು ಹಾಕುತ್ತೇವಲ್ಲವೇ? ಅಮೆರಿಕದಲ್ಲಿ ಮೋಟರ್‌ಹೋಮ್ ಇಟ್ಟುಕೊಂಡವರು ಪ್ರವಾಸವಿಲ್ಲದ ತಿಂಗಳುಗಳಲ್ಲಿ ಅದನ್ನು ಮನೆ ಕರೆಂಟಿಗೆ ಸಿಕ್ಕಿಸಿಡುತ್ತಾರೆ. ಅಲ್ಲೂ ಹಳೇ ಕಾಲದ ಚಾರ್ಜರ್‌ಗಳು ಬ್ಯಾಟರಿಯ ನೀರು ಕುದಿಸಿ ಒಣಗಿಸಿದವು. ಅದಕ್ಕೇ ತಾನಾಗಿ ವೋಲ್ಟೇಜ್ ಇಳಿಸುವ ಚಾರ್ಜರ್‌ಗಳು ಬಂದವು.

ಇನ್ನು ವೈರಿನ ಕಥೆ. ಎರಡು ಪಿನ್ನಿನ ಪ್ಲಗ್, ಅರ್ಥಿಂಗ್ ಇಲ್ಲ. ನಡುವೆ ಟೇಪ್ ಸುತ್ತಿದ ಜಾಯಿಂಟ್, ಪಕ್ಕದಲ್ಲೇ ಕಟ್ಟಿದ ಎಮ್ಮೆ, ಆಡುವ ಮಕ್ಕಳು. 230 ವೋಲ್ಟ್ ಯಾರನ್ನೂ ನೋಡಿ ಬಿಡುವುದಿಲ್ಲ. ಶಾಕ್ ಹೊಡೆದ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪಿಯರ್‌ನ ಸುರಕ್ಷತಾ ಸ್ವಿಚ್ ನಮ್ಮಲ್ಲಿ ಎಷ್ಟು ಮನೆಗಳಲ್ಲಿದೆ?

ಹಾಗಂತ ಬ್ಯಾಟರಿಯನ್ನು ಮರೆತು ಕೂರುವುದೂ ತಪ್ಪೇ. ಖಾಲಿ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಬೇಸಿಗೆಯ ಬಿಸಿಲಿಗೆ ಚಾರ್ಜ್ ಇನ್ನೂ ಬೇಗ ಇಳಿಯುತ್ತದೆ. ದಾರಿ ಸುಲಭವಿದೆ. ಟ್ರ್ಯಾಕ್ಟರ್ ನಿಲ್ಲಿಸಿದ ದಿನವೇ ಮೈನಸ್ ಟರ್ಮಿನಲ್ ಬಿಚ್ಚಿಡಿ. ತಿಂಗಳಿಗೊಮ್ಮೆ ಮೀಟರ್ ಹಿಡಿದು ನೋಡಿ. 12.4 ವೋಲ್ಟ್‌ಗಿಂತ ಇಳಿದಿದ್ದರೆ ಹಗಲಲ್ಲಿ, ಗಾಳಿಯಾಡುವ ಜಾಗದಲ್ಲಿ, ಅರ್ಥಿಂಗ್ ಇರುವ ಪ್ಲಗ್‌ನಿಂದ, ಕಣ್ಣೆದುರೇ ಚಾರ್ಜ್ ಮಾಡಿ. ತುಂಬಿದ ಮೇಲೆ ಮೊದಲು ಸ್ವಿಚ್ ಆರಿಸಿ, ಆಮೇಲೆ ಕ್ಲಿಪ್ ತೆಗೆಯಿರಿ. ನೀರು ಇಳಿದಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಆಸಿಡ್ ಬೇಡ, ಬೋರ್‌ವೆಲ್ ನೀರೂ ಬೇಡ. ವಾರಕ್ಕೊಮ್ಮೆ ಐದು ನಿಮಿಷ ಎಂಜಿನ್ ಓಡಿಸಿದರೆ ಬ್ಯಾಟರಿ ತುಂಬುತ್ತದೆ ಅನ್ನುವುದೂ ಭ್ರಮೆ.

ಆದರೆ ತಪ್ಪನ್ನೆಲ್ಲ ರೈತನ ತಲೆಗೆ ಕಟ್ಟುವುದು ನ್ಯಾಯವಲ್ಲ. "ಹಾಕಿ ಬಿಡಿ, ಏನೂ ಆಗಲ್ಲ" ಎಂದು ಚಾರ್ಜರ್ ಮಾರುವವನೇ ಆಮೇಲೆ ಹೊಸ ಬ್ಯಾಟರಿಯನ್ನೂ ಮಾರುತ್ತಾನೆ. ಅವನಿಗೆ ಎರಡೂ ಕಡೆ ಲಾಭ. ಡಬ್ಬಿಯ ಮೇಲೆ ವೋಲ್ಟೇಜ್ ಸರಿಯಾಗಿ ಬರೆದಿರುವುದಿಲ್ಲ, ಬರೆದಿದ್ದರೂ ಇಂಗ್ಲಿಷ್. ಹಳ್ಳಿಗೇ ಮಾರುವ ವಸ್ತುವಿನ ಮೇಲೆ ಹಳ್ಳಿಯವರಿಗೆ ಅರ್ಥವಾಗುವ ಕನ್ನಡದಲ್ಲಿ ನಾಲ್ಕು ಸಾಲು ಎಚ್ಚರಿಕೆ ಬರೆಯಲು ಕಂಪನಿಗಳಿಗೆ ಏನು ಕಷ್ಟ?

ಮುಂದಿನ ಸಲ ಚಾರ್ಜರ್ ಕೊಳ್ಳುವಾಗ ಎರಡೇ ಪ್ರಶ್ನೆ ಕೇಳಿ. ತುಂಬಿದ ಮೇಲೆ ಇದು ತಾನಾಗಿ ಇಳಿಯುತ್ತದಾ? ಇಳಿದು ಎಷ್ಟು ವೋಲ್ಟ್‌ಗೆ ನಿಲ್ಲುತ್ತದೆ? ಉತ್ತರ ಬರದಿದ್ದರೆ ದುಡ್ಡು ಜೇಬಿನಲ್ಲೇ ಇರಲಿ, ಎದ್ದು ಬನ್ನಿ.